ಮಿಠಾಯಿಗೂ ಚೀಟಿ ಬೇಕಿದ್ದ ಕಾಲದ ಜಾತ್ರೆ

1953ರ ಫೆಬ್ರುವರಿ 5ರಂದು ಬ್ರಿಟನ್ನಿನ ಮಕ್ಕಳು ಮಿಠಾಯಿ ಅಂಗಡಿಗಳಿಗೆ ಮುಗಿಬಿದ್ದರು. ಅಂದು ಹಬ್ಬವೇನೂ ಇರಲಿಲ್ಲ. ಇನ್ನು ಮುಂದೆ ಪಡಿತರ ಚೀಟಿ ತೋರಿಸದೆ ಮಿಠಾಯಿ ಕೊಳ್ಳಬಹುದು ಎಂಬ ಸರ್ಕಾರದ ಅಪ್ಪಣೆ ಜಾರಿಗೆ ಬಂದ ದಿನ ಅದು. ಆ ದಿನ ಅತಿ ಹೆಚ್ಚು ಖರ್ಚಾದ ತಿನಿಸು ಯಾವುದು ಗೊತ್ತೆ? ಕಡ್ಡಿಗೆ ಚುಚ್ಚಿ ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು. ನಮ್ಮಲ್ಲಿ ಬೆಂಡು ಬತ್ತಾಸು ಹೇಗೋ, ಇಂಗ್ಲೆಂಡಿನಲ್ಲಿ ಈ ಪಾಕದ ಸೇಬು ಹಾಗೆ. ಅದು ಜಾತ್ರೆಯ ತಿಂಡಿ.

ಎರಡನೇ ಮಹಾಯುದ್ಧ ಮುಗಿದು ಆಗಲೇ ಏಳು ವರ್ಷಗಳ ಮೇಲಾಗಿತ್ತು. ಯುದ್ಧ ಗೆದ್ದ ದೇಶದಲ್ಲಿ ಮಕ್ಕಳು ಮಿಠಾಯಿಗಾಗಿ ಅಷ್ಟು ಕಾಲ ಕಾದಿದ್ದರು. ಆ ಮಕ್ಕಳು ಈಗ ಎಂಬತ್ತರ ಆಸುಪಾಸಿನವರು, ಎಂಬತ್ತು ದಾಟಿದವರು. ಅವರ ಪೀಳಿಗೆಯ ಬಾಲ್ಯದ ನೆನಪುಗಳಲ್ಲಿ ಬೇಸಿಗೆಯ ಜಾತ್ರೆಗೆ ದೊಡ್ಡ ಜಾಗವಿದೆ. ದೀಪಗಳು, ಮರದ ಕುದುರೆಗಳು, ಬಾಯ್ತುಂಬ ಸಿಹಿ. ಆ ಜಾತ್ರೆ ನಿಜಕ್ಕೂ ಅಷ್ಟು ವೈಭವದ್ದಾಗಿತ್ತೆ? ಅಥವಾ ಬಾಲ್ಯದ ಎಲ್ಲವೂ ದೊಡ್ಡದಾಗಿ ಕಾಣುವಂತೆ ಇದೂ ಕಾಣುತ್ತಿದೆಯೆ? ಉತ್ತರ ಹುಡುಕಲು ಆ ಕಾಲದ ಪಡಿತರದ ಲೆಕ್ಕವನ್ನೇ ನೋಡಬೇಕು.

ಗೋಮಾಳದಲ್ಲೊಂದು ಜಾತ್ರೆ

ಇಂಗ್ಲೆಂಡಿನಲ್ಲೂ ಅನೇಕ ಜಾತ್ರೆಗಳ ಬೇರು ಇರುವುದು ದೇವರ ಸನ್ನಿಧಿಯಲ್ಲೇ. ಊರಿನ ಚರ್ಚು ಯಾವ ಸಂತನ ಹೆಸರಿನದೋ ಆ ಸಂತನ ದಿನದ ಹಿಂದಿನ ರಾತ್ರಿ ಜನ ಜಾಗರಣೆ ಮಾಡುತ್ತಿದ್ದರು. ಅದಕ್ಕೆ ‘ವೇಕ್’ ಎಂದು ಹೆಸರು. ಮರುದಿನ ಊಟ, ಆಟ, ಕುಣಿತ. ಲಂಕಾಶೈರ್ ಪ್ರಾಂತದ ಹತ್ತಿ ಗಿರಣಿ ಊರುಗಳಲ್ಲಿ ಇದೇ ಮುಂದೆ ಇಡೀ ಗಿರಣಿ ಮುಚ್ಚುವ ‘ವೇಕ್ಸ್ ವಾರ’ದ ರಜೆಯಾಯಿತು. ಇನ್ನು ಕೆಲವು ಜಾತ್ರೆಗಳು ರಾಜರು ಕೊಟ್ಟ ಸನ್ನದಿನಿಂದ ಹುಟ್ಟಿದ ಸಂತೆಗಳು.

ಈಶಾನ್ಯ ಇಂಗ್ಲೆಂಡಿನ ನ್ಯೂಕ್ಯಾಸಲ್ ಜಾತ್ರೆಯ ಕತೆ ಮಾತ್ರ ಬೇರೆ. ಊರಿಗೆ ಅಂಟಿಕೊಂಡಂತೆ ಟೌನ್ ಮೂರ್ ಎಂಬ ಸುಮಾರು ಸಾವಿರ ಎಕರೆಯ ಬಯಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಗೋಮಾಳ. ಊರಿನ ‘ಫ್ರೀಮನ್’ಗಳಿಗೆ ಇಂದಿಗೂ ಅಲ್ಲಿ ದನ ಮೇಯಿಸುವ ಹಕ್ಕಿದೆ. ಹಿಂದೆ ಜೂನ್ ತಿಂಗಳ ಕೊನೆಯಲ್ಲಿ ಅದೇ ಬಯಲಿನಲ್ಲಿ ಕುದುರೆ ಜೂಜು ನಡೆಯುತ್ತಿತ್ತು. ಕಲ್ಲಿದ್ದಲು ಗಣಿಯ ಕಾರ್ಮಿಕರು ಆ ವಾರ ರಜೆ ಹಾಕಿ ಬರುತ್ತಿದ್ದರು. ಕುಡಿತವೂ ಜೋರು, ಬಾಜಿಯೂ ಜೋರು. 1882ರಲ್ಲಿ ಜೂಜು ಗಾಸ್ಫರ್ತ್ ಪಾರ್ಕಿಗೆ ಸ್ಥಳಾಂತರವಾಯಿತು. ಖಾಲಿಯಾದ ಬಯಲಿನಲ್ಲಿ ಪಾನನಿರೋಧ ಚಳವಳಿಯವರು ಅದೇ ವಾರ ಹೆಂಡವಿಲ್ಲದ ಉತ್ಸವ ಹೂಡಿದರು. ಆಟೋಟ, ಮಕ್ಕಳ ಸ್ಪರ್ಧೆ, ಬಹುಮಾನ. ಅವುಗಳ ಜೊತೆ ಊರೂರು ಸುತ್ತುವ ಜಾತ್ರೆಯವರೂ ಬಂದು ಬೀಡುಬಿಟ್ಟರು. ಕಾಲ ಕಳೆದಂತೆ ಉಪದೇಶ ಹಿಂದೆ ಸರಿದು ಜಾತ್ರೆ ಉಳಿಯಿತು. ಅದೇ ಇಂದಿನ ‘ಹಾಪಿಂಗ್ಸ್’. ಯುರೋಪಿನ ದೊಡ್ಡ ಸಂಚಾರಿ ಜಾತ್ರೆಗಳಲ್ಲಿ ಅದೂ ಒಂದು. ಹಾಪಿಂಗ್ಸ್ ವಾರ ಬಂತೆಂದರೆ ಮಳೆ ಗ್ಯಾರಂಟಿ ಎಂದು ಅಲ್ಲಿಯ ಜನ ಇಂದಿಗೂ ನಂಬುತ್ತಾರೆ!

ಇಂಥ ಜಾತ್ರೆಗಳ ಕೇಂದ್ರ ಆಕರ್ಷಣೆ ಮರದ ಕುದುರೆಗಳ ತಿರುಗಣೆ. ಹತ್ತೊಂಬತ್ತನೇ ಶತಮಾನದಲ್ಲಿ ಕಿಂಗ್ಸ್ ಲಿನ್ ಊರಿನ ಫ್ರೆಡರಿಕ್ ಸ್ಯಾವೇಜ್ ಇದಕ್ಕೆ ಉಗಿಯಂತ್ರ ಜೋಡಿಸಿ ಹೆಸರು ಮಾಡಿದ. ಬ್ರಿಟನ್ನಿನಲ್ಲಿ ಈ ಕುದುರೆಗಳು ಓಡುವುದು ಪ್ರದಕ್ಷಿಣಾಕಾರವಾಗಿ. ಕುದುರೆಯನ್ನು ಎಡಗಡೆಯಿಂದ ಹತ್ತಬೇಕೆಂಬುದು ಸವಾರರ ವಾಡಿಕೆ. ತಿರುಗಣೆ ಬಲಕ್ಕೆ ಸುತ್ತಿದರೆ ಕುದುರೆಯ ಎಡಮೈ ಹೊರಗೆ, ಮಕ್ಕಳ ಕಡೆಗೆ ಇರುತ್ತದೆ. ಪಕ್ಕದಲ್ಲೇ ತೆಂಗಿನಕಾಯಿಯ ಆಟ. ಕಂಬದ ಮೇಲಿಟ್ಟ ಕಾಯಿಗೆ ಚೆಂಡು ಹೊಡೆದು ಬೀಳಿಸಿದರೆ ಕಾಯಿ ನಿಮ್ಮದು. ನಮ್ಮ ಹಿತ್ತಲಿನ ಕಾಯಿ ಅಲ್ಲಿ ಸಾಹಸಕ್ಕೆ ಸಿಗುವ ಬಹುಮಾನ.

ಮೂರು ಔನ್ಸಿನ ಲೆಕ್ಕ

ಬ್ರಿಟನ್ನಿನಲ್ಲಿ ಆಹಾರದ ಪಡಿತರ ಆರಂಭವಾದದ್ದು 1940ರ ಜನವರಿಯಲ್ಲಿ. ಮಿಠಾಯಿ ಮತ್ತು ಚಾಕೊಲೇಟ್ ಆ ಪಟ್ಟಿಗೆ ಸೇರಿದ್ದು 1942ರ ಜುಲೈನಲ್ಲಿ. ಒಬ್ಬರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ನಾಲ್ಕು ವಾರಕ್ಕೆ 12 ಔನ್ಸ್, ಅಂದರೆ ವಾರಕ್ಕೆ 85 ಗ್ರಾಂ. ಯುದ್ಧ ಮುಗಿದ ಮೇಲೆ ಕೊರತೆ ಕೂಡಲೇ ನೀಗಲಿಲ್ಲ. ದೇಶ ಸಾಲದಲ್ಲಿ ಮುಳುಗಿತ್ತು, ಹೊರಗಿನಿಂದ ಸಕ್ಕರೆ ತರಿಸಲು ಡಾಲರ್ ಇರಲಿಲ್ಲ. ಯುದ್ಧಕಾಲದಲ್ಲೂ ಧಾರಾಳವಾಗಿ ಸಿಗುತ್ತಿದ್ದ ಬ್ರೆಡ್ಡಿಗೂ 1946ರ ಜುಲೈನಿಂದ ಎರಡು ವರ್ಷ ಚೀಟಿ ಬಂತು.

ಇಲ್ಲೊಂದು ಕುತೂಹಲದ ಸಂಗತಿಯಿದೆ. 1949ರ ಏಪ್ರಿಲ್‌ನಲ್ಲಿ ಸರ್ಕಾರ ಮಿಠಾಯಿಯ ಪಡಿತರ ತೆಗೆದುಹಾಕಿತು. ಜನ ಎಷ್ಟು ಕೊಂಡರೆಂದರೆ, ಪೂರೈಕೆ ಸಾಲದೆ ಆಗಸ್ಟ್‌ನಲ್ಲಿ ಮತ್ತೆ ಚೀಟಿ ಜಾರಿಗೆ ತರಬೇಕಾಯಿತು. ನಡುವಿನ ನಾಲ್ಕು ತಿಂಗಳೇ ಜಾತ್ರೆಯ ಕಾಲ. ಆ ಬೇಸಿಗೆಯಲ್ಲಿ ಏಳೆಂಟು ವರ್ಷದವನಾಗಿದ್ದ ಹುಡುಗ ತನಗೆ ಬುದ್ಧಿ ಬಂದಂದಿನಿಂದ ಮೊದಲ ಸಲ ಚೀಟಿಯಿಲ್ಲದೆ ಸಿಹಿ ಕಂಡ. ಮರುವರ್ಷದ ಜಾತ್ರೆಗೆ ಮತ್ತೆ ಚೀಟಿ ಬೇಕಿತ್ತು. ಆಮೇಲೆ 1953ರ ಬೇಸಿಗೆ. ಫೆಬ್ರುವರಿಯಲ್ಲಿ ಮಿಠಾಯಿ ಮುಕ್ತವಾಗಿತ್ತು, ಜೂನ್ 2ರಂದು ರಾಣಿ ಎಲಿಜಬೆತ್ ಪಟ್ಟಾಭಿಷೇಕ, ತಿಂಗಳ ಕೊನೆಗೆ ನ್ಯೂಕ್ಯಾಸಲ್ ಜಾತ್ರೆಯ ವಾರ. ಸಕ್ಕರೆಯ ಪಡಿತರ ಅದೇ ಸೆಪ್ಟೆಂಬರಿನಲ್ಲಿ ಮುಗಿಯಿತು. ಕೊನೆಯದಾಗಿ ಮಾಂಸದ ಚೀಟಿ ಹರಿದದ್ದು 1954ರ ಜುಲೈ 4ಕ್ಕೆ.

ಹಾಗಾಗಿ ‘ನಮ್ಮ ಕಾಲದ ಜಾತ್ರೆಯ ಸಿಹಿ ಈಗಿಲ್ಲ’ ಎಂದು ಆ ಪೀಳಿಗೆಯವರು ಹೇಳಿದರೆ ಅದು ಬರೀ ಹಳಹಳಿಕೆಯಲ್ಲ. ವಾರಕ್ಕೆ 85 ಗ್ರಾಂ ಸಿಹಿಯಲ್ಲಿ ಬೆಳೆದ ನಾಲಿಗೆಗೆ ಒಂದು ಪಾಕದ ಸೇಬು ಎಷ್ಟು ದೊಡ್ಡದೋ, ಅಂಗಡಿ ತುಂಬ ಚಾಕೊಲೇಟ್ ಕಂಡ ನಾಲಿಗೆಗೆ ಅಷ್ಟು ದೊಡ್ಡದಾಗಲಾರದು.

ಮುಳುಗದ ಸೂರ್ಯ, ಬೆಳಗುವ ದೀಪ

ಸಿಹಿಯಂತೆಯೇ ದೀಪ. 1939ರ ಸೆಪ್ಟೆಂಬರ್ 1ರಿಂದ ಬಾಂಬ್ ದಾಳಿಯ ಭಯಕ್ಕೆ ಊರೆಲ್ಲ ಕತ್ತಲೆ ಮಾಡಲಾಗಿತ್ತು. ಬೀದಿ ದೀಪವಿಲ್ಲ, ಕಿಟಕಿಗೆ ಕಪ್ಪು ಪರದೆ. ಆ ವರ್ಷ ಹುಟ್ಟಿದ ಮಗು ಐದು ವರ್ಷ ತುಂಬುವವರೆಗೆ ಬೆಳಗುವ ಬೀದಿಯನ್ನೇ ಕಂಡಿರಲಿಲ್ಲ. 1947ರ ಚಳಿಗಾಲದಲ್ಲಿ ಕಲ್ಲಿದ್ದಲಿನ ಅಭಾವದಿಂದ ಮನೆಗಳಿಗೂ ಗಂಟೆಗಟ್ಟಲೆ ವಿದ್ಯುತ್ ಕಡಿತ. ಲಂಡನ್ನಿನ ಪಿಕಡಿಲಿ ಸರ್ಕಸ್ಸಿನ ಜಾಹೀರಾತು ದೀಪಗಳು ಮತ್ತೆ ಹೊತ್ತಿದ್ದು 1949ರ ಏಪ್ರಿಲ್‌ನಲ್ಲಿ. ಇಂಥ ಕಣ್ಣುಗಳಿಗೆ ಬಣ್ಣದ ಬಲ್ಬುಗಳ ಸಾಲು ಇಂದ್ರಲೋಕದಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ನೆನಪನ್ನು ಸ್ವಲ್ಪ ತಡೆದು ನೋಡಬೇಕು. ಉತ್ತರಕ್ಕಿರುವ ನ್ಯೂಕ್ಯಾಸಲ್‌ನಲ್ಲಿ ಜೂನ್ ಕೊನೆಯಲ್ಲಿ ಹಗಲು ಬಲು ದೀರ್ಘ. 1947ರ ಬೇಸಿಗೆಯಲ್ಲಿ ಇಂಧನ ಉಳಿಸಲು ಗಡಿಯಾರವನ್ನು ಎರಡು ಗಂಟೆ ಮುಂದಕ್ಕೆ ಇಡಲಾಗಿತ್ತು. ಅದರ ಪ್ರಕಾರ ಅಲ್ಲಿ ಸೂರ್ಯ ಮುಳುಗುತ್ತಿದ್ದುದು ರಾತ್ರಿ ಹತ್ತೂಮುಕ್ಕಾಲರ ಸುಮಾರಿಗೆ! ಅಷ್ಟು ಹೊತ್ತು ಎಚ್ಚರವಿರುವ ಭಾಗ್ಯ ಎಷ್ಟು ಮಕ್ಕಳಿಗಿತ್ತು? ಹೆಚ್ಚಿನವರು ಆ ವರ್ಷದ ಜಾತ್ರೆಯನ್ನು ಕಂಡಿದ್ದರೆ ಅದು ಹಗಲು ಬೆಳಕಿನಲ್ಲೇ ಇರಬೇಕು. ದೀಪಗಳ ನೆನಪು ಬೇರೊಂದು ವರ್ಷದ್ದೋ ಶರತ್ಕಾಲದ ಇನ್ನೊಂದು ಜಾತ್ರೆಯದ್ದೋ ಆಗಿದ್ದು, ಇದರೊಳಗೆ ಬೆರೆತಿರಬಹುದು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಹತ್ತು ವರ್ಷದ ಜಾತ್ರೆಗಳು ಮನಸ್ಸಿನಲ್ಲಿ ಒಂದೇ ಜಾತ್ರೆಯಾಗಿ ಕೂಡಿಕೊಳ್ಳುತ್ತವೆ. ಉತ್ತಮವಾದದ್ದೆಲ್ಲ ಒಂದೇ ಸಂಜೆಗೆ ಬಂದು ಸೇರುತ್ತದೆ.

ಡೇರೆಯ ಹಿಂದಿನ ಮಕ್ಕಳು

ಈ ನೆನಪುಗಳಲ್ಲಿ ಅಷ್ಟಾಗಿ ಕಾಣಿಸದ ಇನ್ನೊಂದು ಗುಂಪಿನ ಮಕ್ಕಳಿದ್ದಾರೆ. ಅವರು ಜಾತ್ರೆ ನಡೆಸುವವರ ಮಕ್ಕಳು. ಬಂಡಿಯಲ್ಲೇ ಮನೆ, ವಾರಕ್ಕೊಂದು ಊರು. ಇಂಥ ಬಂಡಿಮನೆಗಳನ್ನು ನೋಂದಾಯಿಸಿ ತಪಾಸಣೆಗೆ ಒಳಪಡಿಸಬೇಕೆಂದು ಜಾರ್ಜ್ ಸ್ಮಿತ್ ಎಂಬ ಸುಧಾರಕ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೋರಾಡಿದ. ಆ ಮಸೂದೆಯನ್ನು ಎದುರಿಸಲು 1889ರಲ್ಲಿ ಜಾತ್ರೆಯವರು ಕಟ್ಟಿದ ಸಂಘವೇ ಮುಂದೆ ಷೋಮೆನ್ಸ್ ಗಿಲ್ಡ್ ಆಯಿತು. 1944ರ ಶಿಕ್ಷಣ ಕಾಯ್ದೆ ಇವರಿಗೊಂದು ರಿಯಾಯಿತಿ ಕೊಟ್ಟಿತು. ಊರೂರು ಅಲೆಯುವ ಕಸುಬಿನವರ ಮಕ್ಕಳು ವರ್ಷಕ್ಕೆ 200 ಹಾಜರಿ, ಅಂದರೆ 200 ಅರ್ಧ ದಿನ, ಶಾಲೆಗೆ ಬಂದರೆ ಸಾಕು, ಹೆತ್ತವರಿಗೆ ಶಿಕ್ಷೆಯಿಲ್ಲ. ಲೆಕ್ಕ ಹಾಕಿದರೆ ಬರೀ ನೂರು ದಿನದ ಓದು. ಊರಿನ ಮಕ್ಕಳಿಗೆ ರಜೆಯ ಸಂಭ್ರಮವಾದದ್ದು ಇವರಿಗೆ ದುಡಿಮೆಯ ದಿನ.

ಯುದ್ಧದ ನಂತರ ಇವರ ಬದುಕೂ ಬದಲಾಯಿತು. ಜಾತ್ರೆಗೆ ವಿದ್ಯುತ್ ಒದಗಿಸುತ್ತಿದ್ದ ಉಗಿ ಎಂಜಿನ್ನುಗಳ ಜಾಗಕ್ಕೆ ಸೇನೆ ಹರಾಜು ಹಾಕಿದ ಲಾರಿಗಳು ಬಂದವು. ಅನೇಕ ಎಂಜಿನ್ನುಗಳು ಗುಜರಿಗೆ ಹೋದವು. ಷೆಫೀಲ್ಡ್ ವಿಶ್ವವಿದ್ಯಾಲಯ 1994ರಿಂದ ಜಾತ್ರೆಯವರ ಚಿತ್ರ, ಕಾಗದಪತ್ರಗಳನ್ನು ಸಂಗ್ರಹಿಸುತ್ತ ಬಂದಿದೆ.

ಕಾಗದಪತ್ರಗಳು ಉಳಿಯುತ್ತವೆ. ಆದರೆ ಪಾಕದ ಸೇಬಿನ ಮೊದಲ ಕಡಿತ ಹೇಗಿತ್ತೆಂದು ಹೇಳಬಲ್ಲವರು ಇನ್ನೆಷ್ಟು ದಿನ ಇರುತ್ತಾರೆ? ಅವರನ್ನು ಕೇಳುವಾಗ ಜಾತ್ರೆ ಎಷ್ಟು ಚೆನ್ನಾಗಿತ್ತು ಎಂದಷ್ಟೇ ಕೇಳಿದರೆ ಸಾಲದು. ಅದು ಯಾವ ವರ್ಷ, ಚೀಟಿ ಇತ್ತೆ, ಕೈಯಲ್ಲಿ ಎಷ್ಟು ಪೆನ್ನಿ ಇತ್ತು, ಜೊತೆಗೆ ಬರಲಾಗದೆ ಮನೆಯಲ್ಲಿ ಉಳಿದವರು ಯಾರು ಎಂದೂ ಕೇಳಬೇಕು. ಆಗ ಸಿಗುವ ಉತ್ತರಗಳಲ್ಲಿ ಆ ಸಂಭ್ರಮದ ಜೊತೆಗೆ, ಅದನ್ನು ಅಷ್ಟು ದೊಡ್ಡದು ಮಾಡಿದ ಬಡತನವೂ ದಾಖಲಾಗುತ್ತದೆ.