ಹಿಮದ ರಸ್ತೆಯಲ್ಲಿ ಸ್ಪೋರ್ಟ್ಸ್ ಕಾರು

ಡಿಸೆಂಬರಿನ ಬೆಳಗಿನಲ್ಲಿ ತಿಪಟೂರಿನ ಯಾವ ಮನೆಯಲ್ಲಾದರೂ ಕೊಬ್ಬರಿ ಎಣ್ಣೆಯ ಸೀಸೆಯನ್ನು ಬಗ್ಗಿಸಿ ನೋಡಿ. ಎಣ್ಣೆ ಬೀಳುವುದಿಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಸೀಸೆಯನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು ಕಾಯುವುದು ಇಲ್ಲಿನವರಿಗೆಲ್ಲ ರೂಢಿ. ವಸ್ತು ಅದೇ, ಉಷ್ಣತೆ ಬದಲಾದರೆ ನಡತೆ ಬೇರೆ. ಕಾರಿನ ಟೈರಿಗೂ ಇಂಥದೇ ಒಂದು ಗುಣವಿದೆ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿಯಲ್ಲಿ ವಿವರಿಸಬೇಕಾಯಿತು.

ಈತ ತುರುವೇಕೆರೆ ಕಡೆಯವನು. ಅಮೆರಿಕದ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಬಳಿ ಎಂಜಿನಿಯರ್. ಬಹಳ ದಿನಗಳ ಆಸೆಯಂತೆ ನಾನೂರು ಅಶ್ವಶಕ್ತಿಯ, ಹಿಂದಿನ ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದ. “ಸಾರ್, ಎರಡನೇ ಕಾರಿಗೆ ಜಾಗ ಇಲ್ಲ. ಚಳಿಗಾಲ ಪೂರ್ತಿ ಇದನ್ನೇ ಓಡಿಸಬಹುದಾ? ಮಗಳನ್ನ ಶಾಲೆಗೆ ಬಿಡೋದೂ ಇದರಲ್ಲೇ” ಎಂದು ಕೇಳಿದ. ಜನವರಿಯಲ್ಲಿ ಅಲ್ಲಿ ಹಗಲಿನ ಉಷ್ಣತೆಯೂ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. “ಓಡಿಸಬಹುದು ಕಣಪ್ಪ, ನಿಲ್ಲಿಸಬಹುದಾ ಅನ್ನೋದನ್ನ ಮೊದಲು ಲೆಕ್ಕ ಹಾಕು” ಎಂದೆ.

ಲೆಕ್ಕ ಸುಲಭ. ಕಾರಿನ ದ್ರವ್ಯರಾಶಿ 1500 ಕಿಲೋಗ್ರಾಂ, ಟೈರಿನೊಳಗಿನ ಗಾಳಿಯ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ 2.2 ಪಟ್ಟು ಅಧಿಕ ಎಂದಿಟ್ಟುಕೊಳ್ಳಿ. ಭಾರವನ್ನು ಒತ್ತಡದಿಂದ ಭಾಗಿಸಿದರೆ ಪ್ರತಿ ಟೈರೂ ನೆಲವನ್ನು ತಾಗುವ ಜಾಗ ಸುಮಾರು 165 ಚದರ ಸೆಂಟಿಮೀಟರ್, ಅಂದರೆ ಒಂದು ಅಂಗೈ ಮತ್ತು ಬೆರಳುಗಳಷ್ಟು. ಕಾರು ಹೊರಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಅಂಗೈಗಳ ಘರ್ಷಣೆಯಿಂದ. ಎಂಜಿನ್ ಎಷ್ಟೇ ಬಲಶಾಲಿಯಾಗಿರಲಿ, ಈ ಘರ್ಷಣೆಯ ಮಿತಿಯನ್ನು ದಾಟಲಾರದು.

ಒಣಗಿದ ಡಾಂಬರಿನ ಮೇಲೆ ಟೈರಿನ ಘರ್ಷಣಾ ಗುಣಾಂಕ ಸುಮಾರು 0.8. ತುಳಿದು ಗಟ್ಟಿಯಾದ ಹಿಮದ ಮೇಲೆ 0.2ರ ಆಸುಪಾಸು. ನುಣ್ಣನೆಯ ಮಂಜುಗಡ್ಡೆಯ ಮೇಲೆ 0.1, ಕೆಲವೊಮ್ಮೆ ಇನ್ನೂ ಕಡಿಮೆ. ವೇಗದ ವರ್ಗವನ್ನು, ಈ ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿದರೆ ಬ್ರೇಕ್ ಹಾಕಿದ ಮೇಲೆ ಕಾರು ಸಾಗುವ ದೂರ ಸಿಗುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಒಣರಸ್ತೆಯಲ್ಲಿ 12 ಮೀಟರ್, ಹಿಮದಲ್ಲಿ 49 ಮೀಟರ್, ಮಂಜುಗಡ್ಡೆಯಲ್ಲಿ 98 ಮೀಟರ್. ಇದರಲ್ಲಿ ಚಾಲಕ ಎಚ್ಚೆತ್ತು ಬ್ರೇಕ್ ಒತ್ತುವವರೆಗಿನ ದೂರ ಸೇರಿಲ್ಲ. ಇನ್ನು 50 ಮೀಟರ್ ತ್ರಿಜ್ಯದ ತಿರುವನ್ನು ಒಣರಸ್ತೆಯಲ್ಲಿ ಗಂಟೆಗೆ 71 ಕಿಲೋಮೀಟರ್ ವೇಗದವರೆಗೆ ದಾಟಬಹುದಾದರೆ ಹಿಮದಲ್ಲಿ ಮಿತಿ 36, ಮಂಜುಗಡ್ಡೆಯಲ್ಲಿ 25.

ಇದು ಪರದೇಶದ ಮಾತು ಎಂದು ಓದುಗರು ಪುಟ ತಿರುಗಿಸಬಾರದು. ರಾಗಿ, ಹುರುಳಿ ಕಟಾವಾದ ಮೇಲೆ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರಸ್ತೆಗಳಲ್ಲಿ ಬೆಳೆಯನ್ನು ಹರಡಿ, ಹೋಗಿಬರುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಹುಲ್ಲಿನ ಕೆಳಗೆ ಉದುರಿದ ದುಂಡನೆಯ ಕಾಳುಗಳು ಗುಂಡುಬೇರಿಂಗಿನಂತೆ ಉರುಳುತ್ತವೆ. ಬ್ರೇಕ್ ಹಿಡಿದ ಬೈಕು ಮಗ್ಗುಲಾಗುತ್ತದೆ. ವರ್ಷದ ಮೊದಲ ಮಳೆಯಲ್ಲಿ ದೂಳು, ಎಣ್ಣೆ, ನೀರು ಕಲೆತ ರಸ್ತೆಯೂ ಹೀಗೆಯೇ. ಮೇಲಿನ ಸೂತ್ರ ಅಲ್ಲಿಗೂ ಇಲ್ಲಿಗೂ ಒಂದೇ.

ಈಗ ಟೈರಿನ ವಿಷಯಕ್ಕೆ ಬರೋಣ. ರಬ್ಬರಿನ ಉದ್ದುದ್ದ ಅಣು ಸರಪಳಿಗಳು ಸುರುಳಿ ಬಿಚ್ಚಿಕೊಳ್ಳುತ್ತ, ಮತ್ತೆ ಸುತ್ತಿಕೊಳ್ಳುತ್ತ ಇರುವುದರಿಂದ ಅದು ರಸ್ತೆಯ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿತ ಪಡೆಯುತ್ತದೆ. ಉಷ್ಣತೆ ಇಳಿದಂತೆ ಸರಪಳಿಗಳ ಚಲನೆ ನಿಧಾನವಾಗಿ, ರಬ್ಬರು ಬಿಗಿದು, ಕೊನೆಗೆ ಗಾಜಿನಂತೆ ಪೆಡಸಾಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಆಗುವುದು ಹರಳುಗಟ್ಟುವಿಕೆ, ಅದಕ್ಕೊಂದು ದ್ರವನಬಿಂದುವಿದೆ. ರಬ್ಬರಿನ ಬದಲಾವಣೆ ಹಾಗಲ್ಲ, ಅದು ಮೆಲ್ಲಮೆಲ್ಲಗೆ ನಡೆಯುವಂಥದು. ಹಾಗಾಗಿಯೇ ಅದು ಕಣ್ಣಿಗೆ ಬೀಳುವುದಿಲ್ಲ, ಅಪಾಯವೂ ಹೆಚ್ಚು. 1986ರ ಜನವರಿ 28ರಂದು ಚಾಲೆಂಜರ್ ಆಕಾಶನೌಕೆ ಸಿಡಿದದ್ದು ಓದುಗರಿಗೆ ನೆನಪಿರಬಹುದು. ಚಳಿಗೆ ರಬ್ಬರಿನ ಬಳೆಯೊಂದು ಬಿಗಿದುಕೊಂಡು ಸಂದಿಯನ್ನು ಮುಚ್ಚದೆಹೋದದ್ದೇ ಕಾರಣ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ಇದನ್ನು ತನಿಖಾ ಸಮಿತಿಯ ಎದುರಿಗೇ ತೋರಿಸಿದರು.

ಸ್ಪೋರ್ಟ್ಸ್ ಕಾರಿನೊಂದಿಗೆ ಬರುವ ಅಗಲವಾದ ‘ಬೇಸಿಗೆ ಟೈರು’ಗಳ ರಬ್ಬರನ್ನು ಬಿಸಿ ರಸ್ತೆಗೆಂದೇ ಹದಮಾಡಿರುತ್ತಾರೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಅವುಗಳ ಹಿಡಿತ ಕುಗ್ಗತೊಡಗುತ್ತದೆ. ಕಡುಚಳಿಯಲ್ಲಿ ರಬ್ಬರು ಬಿರುಕುಬಿಡಬಹುದೆಂದು ತಯಾರಕರೇ ಎಚ್ಚರಿಸುವುದುಂಟು. ಚಳಿಗಾಲದ ಟೈರಿನ ಮಿಶ್ರಣ ಸೊನ್ನೆಗಿಂತ ಬಹಳ ಕೆಳಗೂ ಮೆದುವಾಗಿಯೇ ಉಳಿಯುತ್ತದೆ. ಅದರ ಮೈಮೇಲೆ ಚಾಕುವಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿದ್ದು, ಅವುಗಳ ಅಂಚುಗಳು ಹಿಮವನ್ನು ಕಚ್ಚುತ್ತವೆ. ಗಾಡಿಗಳೊಳಗೆ ಹಿಮ ತುಂಬಿಕೊಳ್ಳುವುದೂ ಒಳ್ಳೆಯದೇ, ಏಕೆಂದರೆ ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ. ಬೇಸಿಗೆ ಟೈರಿಗೆ ಹೋಲಿಸಿದರೆ ಹಿಮದ ಮೇಲೆ ನಿಲ್ಲುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಫಿನ್ಲೆಂಡಿನಲ್ಲಿ 1934ರಲ್ಲೇ ಇಂಥ ಟೈರು ತಯಾರಾಗಿತ್ತು. ಕೆನಡಾದ ಕ್ವಿಬೆಕ್ ಪ್ರಾಂತ 2008ರಲ್ಲಿ ಚಳಿಗಾಲದ ಟೈರನ್ನು ಕಾನೂನಿನಿಂದಲೇ ಕಡ್ಡಾಯಗೊಳಿಸಿತು.

ಮಂಜುಗಡ್ಡೆ ಜಾರುವುದೇಕೆ? ವಾಹನದ ಒತ್ತಡಕ್ಕೆ ಅದು ಕರಗುವುದರಿಂದ ಎಂದು ನಾವೆಲ್ಲ ಓದಿದ್ದೇವೆ, ನಾನೂ ಹಲವು ವರ್ಷ ಹಾಗೆಯೇ ಪಾಠ ಮಾಡಿದ್ದೇನೆ. ಆದರೆ ದ್ರವನಬಿಂದುವನ್ನು ಒಂದು ಡಿಗ್ರಿ ಇಳಿಸಲು ಸುಮಾರು 135 ವಾಯುಮಂಡಲಗಳ ಒತ್ತಡ ಬೇಕು. ಟೈರು ಕೊಡುವುದು ಎರಡು ಚಿಲ್ಲರೆ. ಅದರಿಂದಾಗುವ ಇಳಿಕೆ ಒಂದು ಡಿಗ್ರಿಯ ಐವತ್ತರಲ್ಲೊಂದು ಭಾಗವೂ ಅಲ್ಲ! ಮಂಜುಗಡ್ಡೆಯ ಮೇಲ್ಮೈಯಲ್ಲಿ ಸೊನ್ನೆಗಿಂತ ಕೆಳಗೂ ದ್ರವದಂಥ ತೆಳು ಪದರವೊಂದು ಇರುತ್ತದೆಂದು 1850ರಲ್ಲೇ ಮೈಕೆಲ್ ಫ್ಯಾರಡೆ ಸೂಚಿಸಿದ್ದರು. ಜಾರುವಾಗ ಹುಟ್ಟುವ ಘರ್ಷಣೆಯ ಶಾಖವೂ ಮೇಲ್ಮೈಯನ್ನು ಕರಗಿಸುತ್ತದೆಂದು 1939ರಲ್ಲಿ ಬೌಡೆನ್ ಮತ್ತು ಹ್ಯೂಸ್ ತೋರಿಸಿದರು. ಕಡುಚಳಿಯ ಗಟ್ಟಿ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ ಒದ್ದೆ ಮಂಜುಗಡ್ಡೆಯೇ ಕಾರಿಗೆ ಹೆಚ್ಚು ಅಪಾಯಕಾರಿ.

“ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರು ಕೊಂಡಿದ್ದರೆ ಈ ಪೇಚಾಟ ಇರುತ್ತಿರಲಿಲ್ಲ ಅಲ್ವಾ ಸಾರ್?” ಎಂದ ಶಿಷ್ಯ. ಅರ್ಧ ನಿಜ. ಗುಣಾಂಕ 0.2 ಇರುವ ಹಿಮದಲ್ಲಿ, ಅರ್ಧ ಭಾರ ಹೊತ್ತ ಹಿಂದಿನ ಚಕ್ರಗಳಷ್ಟೇ ತಳ್ಳಿದರೆ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಒಂದು ಮೀಟರ್. ಒಣರಸ್ತೆಯಲ್ಲಿ ಐದಾರು ಸೆಕೆಂಡಿನಲ್ಲಿ 100 ಕಿಲೋಮೀಟರ್ ವೇಗ ಮುಟ್ಟುವ ಕಾರಿಗೆ ಇಲ್ಲಿ 28 ಸೆಕೆಂಡು ಬೇಕು. ಎಂಜಿನಿನ ಭಾರ ಚಾಲಕ ಚಕ್ರಗಳ ಮೇಲೇ ಬೀಳುವ ಸಾಧಾರಣ ಸಣ್ಣ ಕಾರು ಇದನ್ನು ಹಿಂದೆ ಹಾಕುತ್ತದೆ! ನಾಲ್ಕು ಚಕ್ರಗಳೂ ತಳ್ಳಿದರೆ ಹೊರಡುವ ಬಲ ಇಮ್ಮಡಿಯಾಗುವುದು ದಿಟ. ಆದರೆ ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಗಳಿಗೇ ಇದೆ. ನಿಲ್ಲುವ ದೂರ ಒಂದಿಂಚೂ ಕಡಿಮೆಯಾಗದು. ಸಲೀಸಾಗಿ ಹೊರಟ ಚಾಲಕನಿಗೆ ರಸ್ತೆ ಎಷ್ಟು ಜಾರುತ್ತಿದೆ ಎಂಬ ಸುಳಿವೇ ಸಿಗುವುದಿಲ್ಲ, ಮೊದಲ ಬ್ರೇಕಿನವರೆಗೆ. ಕರ್ನಾಟಕದಿಂದ ಮನಾಲಿಗೆ ಕಾರು ಓಡಿಸಿಕೊಂಡು ಹೋಗುವವರು ಇದನ್ನು ಗಮನದಲ್ಲಿಡಬೇಕು.

ಇನ್ನೆರಡು ಸಂಗತಿ. ಈ ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣಿಗಿಂತ ಕಡಿಮೆ ಎತ್ತರದಲ್ಲಿರುತ್ತದೆ. ಆಳ ಹಿಮದಲ್ಲಿ ಹೊಟ್ಟೆಯಡಿ ಹಿಮ ತುಂಬಿಕೊಂಡು ಕಾರನ್ನೇ ಎತ್ತಿಹಿಡಿದರೆ ಚಕ್ರಗಳು ಸುಮ್ಮನೆ ಗಿರಕಿ ಹೊಡೆಯುತ್ತವೆ. ಇದಕ್ಕೆ ಯಾವ ಟೈರೂ ಮದ್ದಲ್ಲ. ಅಂಥ ದಿನ ಮನೆಯಲ್ಲಿರುವುದೇ ಸರಿ. ಎರಡನೆಯದು ಅನಿಲ ನಿಯಮ. ಟೈರಿಗೆ 25 ಡಿಗ್ರಿಯಲ್ಲಿ 32 ಪೌಂಡು ಗಾಳಿ ತುಂಬಿಸಿದ್ದರೆ, ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಬೆಳಗಿನಲ್ಲಿ ಮಾಪಕ ಸುಮಾರು 26 ತೋರಿಸುತ್ತದೆ. ಗಾಳಿ ಸೋರಿಲ್ಲ, ಕುಗ್ಗಿದೆ ಅಷ್ಟೆ. ಆದರೂ ತುಂಬಿಸಲೇಬೇಕು.

ರಸ್ತೆಗೆ ಸುರಿಯುವ ಉಪ್ಪಿನ ಕತೆಯೇ ಬೇರೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ, ಮುನ್ನೂರು ಮೀಟರಿಗೂ ಹೆಚ್ಚು ಆಳದಲ್ಲಿ ದೊಡ್ಡ ಉಪ್ಪಿನ ಗಣಿಯಿದೆ. ಆ ಉಪ್ಪು ಹಿಮವನ್ನು ಕರಗಿಸುತ್ತದೆ, ಜೊತೆಗೆ ಕಾರಿನ ತಳದ ಉಕ್ಕನ್ನೂ ತಿನ್ನುತ್ತದೆ. ಆಗಾಗ ತಳ ತೊಳೆಸು ಎಂದೆ.

ಕೆಸರಿನಲ್ಲಿ ಹೂತ ಟ್ರ್ಯಾಕ್ಟರಿನ ಚಕ್ರಕ್ಕೆ ನಾವು ತೆಂಗಿನ ಸಿಪ್ಪೆ ಕೊಡುವಂತೆ ಹಿಮದಲ್ಲಿ ಕೊಡಲು ಒಂದು ಚೀಲ ಮರಳು ಡಿಕ್ಕಿಯಲ್ಲಿರಲಿ ಎಂದೂ ಹೇಳಿದೆ. ಶಿಷ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮೊದಲ ಹಿಮ ಬಿದ್ದ ಭಾನುವಾರ ಖಾಲಿ ಮೈದಾನವೊಂದರಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಹಾಕಿ, ಕಾರು ನಿಂತ ದೂರವನ್ನು ಟೇಪು ಹಿಡಿದು ಅಳೆದ. ಬೇಸಿಗೆ ಟೈರಿನಲ್ಲಿ 30 ಮೀಟರ್. ಎರಡು ದಿನದ ಮೇಲೆ ಸ್ವಲ್ಪ ಕಿರಿದಾದ ಚಳಿಗಾಲದ ಟೈರು ಹಾಕಿಸಿ, ಅದೇ ಜಾಗದಲ್ಲಿ ಅಳೆದಾಗ 14 ಮೀಟರ್. ಗುಣಾಂಕ ಲೆಕ್ಕ ಹಾಕಿದರೆ ಮೊದಲನೆಯದು 0.12, ಎರಡನೆಯದು 0.25. ಮಗಳು ಶಾಲೆಗೆ ಹೋಗುವ ದಾರಿಯ ಇಳಿಜಾರಿನಲ್ಲಿ ಮಾತ್ರ ಗಂಟೆಗೆ 20 ಕಿಲೋಮೀಟರ್ ಮೀರುವುದಿಲ್ಲವಂತೆ. ಆ ಎರಡು ಅಂಕಿಗಳನ್ನು ಈಗ ನನ್ನ ತರಗತಿಯ ಹುಡುಗರಿಗೆ ಲೆಕ್ಕವಾಗಿ ಕೊಡುತ್ತಿದ್ದೇನೆ.