ದಾಖಲೆ ಪರಿಶೀಲನಾ ತಂತ್ರಾಂಶದಲ್ಲಿ ಪ್ರಕರಣಗಳ ವಿಲೀನ

ದಾಖಲೆ ಪರಿಶೀಲನಾ ತಂತ್ರಾಂಶದಲ್ಲಿ ಪ್ರಕರಣಗಳ ವಿಲೀನ ಎಂದರೆ, ಬೇರೆ ಬೇರೆ ಮೊಕದ್ದಮೆಗಳಿಗಾಗಿ ಪ್ರತ್ಯೇಕವಾಗಿ ರಚಿಸಲಾದ ದಾಖಲೆಗಳ ದತ್ತಸಂಚಯಗಳನ್ನು ಒಂದಾಗಿ ಕೂಡಿಸುವ ಕಾರ್ಯ. ಅಮೇರಿಕ ಸಂಯುಕ್ತ ಸಂಸ್ಥಾನದ ಸಿವಿಲ್ ವ್ಯಾಜ್ಯಗಳಲ್ಲಿ ಉಭಯ ಪಕ್ಷಗಳು ವಿಚಾರಣೆಗೆ ಮುನ್ನವೇ ಪರಸ್ಪರ ದಾಖಲೆಗಳನ್ನು ಒದಗಿಸಬೇಕಾಗುತ್ತದೆ. ದೊಡ್ಡ ವ್ಯಾಜ್ಯಗಳಲ್ಲಿ ಇಮೇಲ್ ಮತ್ತು ಕಡತಗಳ ಸಂಖ್ಯೆ ಲಕ್ಷಗಳನ್ನು ಮೀರುವುದರಿಂದ, ವಕೀಲರು ಅವುಗಳನ್ನು ರಿಲೇಟಿವಿಟಿಯಂತಹ ತಂತ್ರಾಂಶದಲ್ಲಿ ಓದಿ, ಪ್ರತಿಯೊಂದನ್ನೂ ಸಂಬಂಧಿತ, ಅಸಂಬಂಧಿತ ಅಥವಾ ಗೌಪ್ಯ ಎಂದು ಗುರುತಿಸುತ್ತಾರೆ.

ಕಾನೂನಿನ ಹಿನ್ನೆಲೆ

ಸಮಾನ ಪ್ರಶ್ನೆಗಳುಳ್ಳ ಮೊಕದ್ದಮೆಗಳನ್ನು ಕೂಡಿಸಲು ಆ ದೇಶದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ 42ನೆಯ ನಿಯಮವು ನ್ಯಾಯಾಲಯಕ್ಕೆ ಅವಕಾಶ ನೀಡುತ್ತದೆ. ಹಲವು ಜಿಲ್ಲೆಗಳಲ್ಲಿ ಹರಡಿರುವ ಮೊಕದ್ದಮೆಗಳನ್ನು ವಿಚಾರಣಾಪೂರ್ವ ಹಂತಕ್ಕಾಗಿ ಒಂದೇ ನ್ಯಾಯಾಲಯಕ್ಕೆ ವರ್ಗಾಯಿಸುವ ವ್ಯವಸ್ಥೆ 1968ರ ಕಾಯ್ದೆಯಿಂದ ಬಂದಿತು. ಆದರೆ ಹೀಗೆ ಕೂಡಿಸಿದ ಮೊಕದ್ದಮೆಗಳು ತಮ್ಮ ಪ್ರತ್ಯೇಕ ಅಸ್ತಿತ್ವವನ್ನು ಉಳಿಸಿಕೊಳ್ಳುತ್ತವೆ ಎಂದು ಸರ್ವೋಚ್ಚ ನ್ಯಾಯಾಲಯವು 2018ರ ಹಾಲ್ ವಿರುದ್ಧ ಹಾಲ್ ತೀರ್ಪಿನಲ್ಲಿ ಹೇಳಿದೆ. ತಂತ್ರಾಂಶದಲ್ಲಿನ ವಿಲೀನದ ತೊಡಕುಗಳಿಗೂ ಮೂಲ ಇದೇ: ದಾಖಲೆ ಒಂದೇ ಆಗಿದ್ದರೂ ಅದರ ಕುರಿತಾದ ತೀರ್ಮಾನ ಆಯಾ ಮೊಕದ್ದಮೆಗೆ ಸೇರಿದ್ದು.

ಗುರುತುಗಳ ಘರ್ಷಣೆ

ಒಂದೇ ಇಮೇಲ್ ಪೇಟೆಂಟ್ ವ್ಯಾಜ್ಯದಲ್ಲಿ ಅಸಂಬಂಧಿತವಾಗಿದ್ದು, ಉದ್ಯೋಗ ವ್ಯಾಜ್ಯದಲ್ಲಿ ಮುಖ್ಯ ಸಾಕ್ಷ್ಯವಾಗಬಹುದು. ಎರಡೂ ಗುರುತುಗಳನ್ನು ಒಂದೇ ಅಂಕಣಕ್ಕೆ ತುಂಬಿದರೆ ನಂತರದ್ದು ಮೊದಲಿನದನ್ನು ಅಳಿಸಿಹಾಕುತ್ತದೆ. ಆದ್ದರಿಂದ ಪ್ರತಿ ಮೊಕದ್ದಮೆಗೂ ಪ್ರತ್ಯೇಕ ಅಂಕಣ ಇರಿಸುವುದು ಕ್ರಮ. ವಕೀಲ ಮತ್ತು ಕಕ್ಷಿದಾರರ ನಡುವಿನ ಗೌಪ್ಯ ಸಂವಹನದಲ್ಲಿ ಇಂತಹ ಅಂತರ ಹೆಚ್ಚು ಅಪಾಯಕಾರಿ. ಒಂದು ಮೊಕದ್ದಮೆಯಲ್ಲಿ ತಡೆಹಿಡಿದ ಪತ್ರವನ್ನು ಇನ್ನೊಂದರಲ್ಲಿ ಎದುರು ಪಕ್ಷಕ್ಕೆ ಕೊಟ್ಟರೆ ಗೌಪ್ಯತೆಯ ಹಕ್ಕನ್ನೇ ಕಳೆದುಕೊಂಡಂತಾಗಬಹುದು. 2008ರಲ್ಲಿ ಜಾರಿಗೆ ಬಂದ ಫೆಡರಲ್ ಸಾಕ್ಷ್ಯ ನಿಯಮ 502ರ ಅಡಿಯಲ್ಲಿ ನ್ಯಾಯಾಲಯದಿಂದ ಮೊದಲೇ ಆದೇಶ ಪಡೆದಿದ್ದರೆ ಈ ನಷ್ಟವನ್ನು ತಪ್ಪಿಸಬಹುದು. ಆದರೂ ಎದುರು ಪಕ್ಷ ಒಮ್ಮೆ ಓದಿದ್ದನ್ನು ಯಾವ ಆದೇಶವೂ ಮರೆಸಲಾರದು.

ನಕಲುಗಳ ನಿವಾರಣೆ

ಎರಡೂ ಕಡೆ ಇರುವ ಪ್ರತಿಗಳನ್ನು ಗುರುತಿಸಲು ಎಂಡಿ5 ಅಥವಾ ಶಾ-1 ವಿಧಾನದಿಂದ ಪ್ರತಿ ಕಡತಕ್ಕೂ ಬೆರಳಚ್ಚಿನಂತಹ ಹ್ಯಾಶ್ ಮೌಲ್ಯವನ್ನು ಲೆಕ್ಕಹಾಕಲಾಗುತ್ತದೆ. ಎಂಡಿ5 ಮೌಲ್ಯದ ಉದ್ದ 128 ಬಿಟ್. ಇಮೇಲ್‌ಗಳಿಗೆ ಸಾಮಾನ್ಯವಾಗಿ ಕಳುಹಿಸಿದವರು, ಪಡೆದವರು, ವಿಷಯ, ಸಮಯ, ಒಕ್ಕಣೆ ಮತ್ತು ಲಗತ್ತುಗಳನ್ನು ಜೋಡಿಸಿ ಈ ಮೌಲ್ಯವನ್ನು ಪಡೆಯುತ್ತಾರೆ. ಈ ಜೋಡಣೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ. ಸಮಯವಲಯದ ಆಯ್ಕೆ ಬೇರೆಯಾಗಿದ್ದರೂ ಸಾಕು, ಒಂದೇ ಇಮೇಲ್‌ಗೆ ಎರಡು ಮೌಲ್ಯಗಳು ಬಂದು ನಕಲು ಪತ್ತೆಯಾಗದೆ ಉಳಿಯಬಹುದು. ಇದಕ್ಕೆ ಖಚಿತ ಪರಿಹಾರವೆಂದರೆ ಮೂಲ ಕಡತಗಳನ್ನು ಒಂದೇ ವಿಧಾನದಲ್ಲಿ ಮತ್ತೆ ಸಂಸ್ಕರಿಸುವುದು, ಅದು ದುಬಾರಿ. ನಕಲನ್ನು ತೆಗೆಯುವಾಗ ಅದು ಯಾರ ಬಳಿ ದೊರೆತಿತ್ತೆಂಬ ಮಾಹಿತಿಯನ್ನು ಉಳಿಸಿಕೊಳ್ಳಬೇಕು. ಪತ್ರವು ಒಬ್ಬ ಅಧಿಕಾರಿಯ ಬಳಿ ಇತ್ತೆಂಬುದೇ ಕೆಲವೊಮ್ಮೆ ವ್ಯಾಜ್ಯದ ತಿರುಳಾಗಿರುತ್ತದೆ.

ಪುಟಸಂಖ್ಯೆ ಮತ್ತು ಪ್ರವೇಶಾಧಿಕಾರ

ಒದಗಿಸಿದ ಪ್ರತಿ ಪುಟಕ್ಕೂ ಬೇಟ್ಸ್ ಸಂಖ್ಯೆ ಇರುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಎಡ್ವಿನ್ ಬೇಟ್ಸ್ ರೂಪಿಸಿದ ಸಂಖ್ಯಾಮುದ್ರೆಯ ಯಂತ್ರದಿಂದ ಈ ಹೆಸರು ಬಂದಿದೆ. ಸಾಕ್ಷಿಗಳ ಹೇಳಿಕೆಗಳಲ್ಲಿ ಈ ಸಂಖ್ಯೆಗಳು ಈಗಾಗಲೇ ಉಲ್ಲೇಖಗೊಂಡಿರುವುದರಿಂದ ವಿಲೀನದ ನಂತರ ಅವುಗಳನ್ನು ಬದಲಿಸುವಂತಿಲ್ಲ. ಒಂದೇ ದಾಖಲೆಗೆ ಎರಡು ಸಂಖ್ಯೆಗಳಿದ್ದರೆ ಎರಡನ್ನೂ ಉಳಿಸಬೇಕು.

ಒಂದು ಮೊಕದ್ದಮೆಯ ರಕ್ಷಣಾ ಆದೇಶವು ಕೆಲವು ದಾಖಲೆಗಳನ್ನು ಅದರ ವಕೀಲರಷ್ಟೇ ನೋಡಬೇಕೆಂದು ನಿರ್ಬಂಧಿಸಿದ್ದರೆ, ವಿಲೀನಗೊಂಡ ದತ್ತಸಂಚಯದಲ್ಲಿಯೂ ಆ ನಿರ್ಬಂಧವನ್ನು ಬಳಕೆದಾರರ ಅನುಮತಿಗಳ ಮೂಲಕ ಪಾಲಿಸಬೇಕಾಗುತ್ತದೆ. ಇದು ಸಾಧ್ಯವಾಗದಿದ್ದಲ್ಲಿ ದತ್ತಸಂಚಯಗಳನ್ನು ಕೂಡಿಸದೆ, ಅಗತ್ಯವಾದ ದಾಖಲೆಗಳನ್ನು ಮಾತ್ರ ನಕಲಿಸಿಕೊಳ್ಳಲಾಗುತ್ತದೆ.