ಮರಳಿ ಬರುವ ಹಳೆಯ ಭಯ: ಆಘಾತ ಉಂಡವರನ್ನು ಅರಿಯುವ ಬಗೆ

ದೇಹದ ಗಾಯ ಮಾಗಿದ ಮೇಲೂ ಕಲೆ ಕಾಣುತ್ತದೆ. ಮನಸ್ಸಿಗಾದ ಆಘಾತದ ಗುರುತು ಹೊರಗೆ ಕಾಣದು. ಆದ್ದರಿಂದಲೇ ಅದನ್ನು ಹೊತ್ತು ಬದುಕುವವರ ನಡೆಯನ್ನು ನಾವು ಅನೇಕ ವೇಳೆ ತಪ್ಪಾಗಿ ತಿಳಿಯುತ್ತೇವೆ. ಮೇಲಧಿಕಾರಿ ತುಸು ಧ್ವನಿ ಏರಿಸಿದರೆ ಸಾಕು, ನಡುವಯಸ್ಸಿನ ವ್ಯಕ್ತಿಯೊಬ್ಬರ ಮಾತು ನಿಂತುಹೋಗುತ್ತದೆ. ತಾನು ಯಾವುದಕ್ಕೂ ಯೋಗ್ಯನಲ್ಲವೆಂಬ ಭಾವ ದಿನವಿಡೀ ಕಾಡುತ್ತದೆ. ನಾವು ಅದನ್ನು ಅಂಜುಬುರುಕತನವೆಂದು ಬಗೆಯುತ್ತೇವೆ.

ಇಂಥ ಸ್ಥಿತಿಯನ್ನು 'ಎಮೋಷನಲ್ ಫ್ಲ್ಯಾಷ್‌ಬ್ಯಾಕ್', ಅಂದರೆ ಭಾವನೆಗಳ ಮರುಕಳಿಕೆ ಎನ್ನುತ್ತಾರೆ. ಅಮೆರಿಕದ ಮನೋಚಿಕಿತ್ಸಕ ಪೀಟ್ ವಾಕರ್ 2013ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇದನ್ನು ವಿಶದವಾಗಿ ವಿವರಿಸಿದ್ದಾರೆ. ಅಪಘಾತ ಕಂಡವರಿಗೆ ಆ ದೃಶ್ಯವೇ ಕಣ್ಮುಂದೆ ಬರುವುದುಂಟು. ಬಾಲ್ಯದಲ್ಲಿ ವರ್ಷಗಟ್ಟಲೆ ಹೊಡೆತ, ನಿಂದನೆ, ತಿರಸ್ಕಾರ ಅನುಭವಿಸಿದವರಲ್ಲಿ ಅನೇಕ ವೇಳೆ ದೃಶ್ಯ ಮೂಡದು. ಅಂದಿನ ಭಯ, ನಾಚಿಕೆ, ಅಸಹಾಯಕತೆಗಳಷ್ಟೇ ಮರಳುತ್ತವೆ. ಚಿತ್ರವಿಲ್ಲದ ಕಾರಣ ಇದು ಹಳೆಯದೆಂದು ಅವರಿಗೇ ತಿಳಿಯದು. ಈಗಲೇ ಏನೋ ಅನಾಹುತ ನಡೆಯುತ್ತಿದೆ ಎನಿಸುತ್ತದೆ.

ಮೆದುಳಿನ ಅಮಿಗ್ಡಲಾ ಎಂಬ ಭಾಗ ಅಪಾಯವನ್ನು ಗುರುತಿಸುವ ಕಾವಲುಗಾರನಂತಿದೆ. ಭಯದಲ್ಲೇ ಬೆಳೆದವರಲ್ಲಿ ಅದು ಒಂದು ಧ್ವನಿ, ಒಂದು ಮುಖಭಾವ, ಒಂದು ವಾಸನೆಗೂ ಎಚ್ಚೆತ್ತು, ವಿವೇಚನೆ ಜಾಗೃತವಾಗುವ ಮೊದಲೇ ದೇಹವನ್ನು ನಡುಗಿಸಬಲ್ಲದು. ಹೀಗಾಗಿ "ಧೈರ್ಯ ತಂದುಕೊ", "ಹಳೆಯದನ್ನು ಮರೆತುಬಿಡು" ಎಂಬ ಉಪದೇಶ ಆ ಗಳಿಗೆಯಲ್ಲಿ ಅವರನ್ನು ತಲುಪದು.

ಆಗ ನಾವು ಮಾಡಬೇಕಾದುದು ಸರಳ. ಶಾಂತವಾಗಿ ಬಳಿಯಿದ್ದು, ಮೆಲುದನಿಯಲ್ಲಿ ಹೆಸರು ಹಿಡಿದು ಮಾತನಾಡಿಸಬೇಕು. ಪಾದಗಳನ್ನು ನೆಲಕ್ಕೆ ಊರಿಸಿ, ಸುತ್ತಲಿನ ವಸ್ತುಗಳನ್ನು ನೋಡಿ ಹೆಸರಿಸಲು ಹೇಳಬಹುದು. ಇದು ಇಂದಿನ ದಿನ, ಇಲ್ಲಿ ಅಪಾಯವಿಲ್ಲ ಎಂಬುದನ್ನು ದೇಹಕ್ಕೆ ನೆನಪಿಸುವ ಕ್ರಮವಿದು. ಕೇಳದೆ ಮುಟ್ಟುವುದಾಗಲಿ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರಲು ಒತ್ತಾಯಿಸುವುದಾಗಲಿ ಸಲ್ಲದು. ಕೆಲವರಿಗೆ ಅದರಿಂದ ತಳಮಳ ಹೆಚ್ಚುತ್ತದೆ.

ಪದೇಪದೇ ಹೀಗಾಗುತ್ತಿದ್ದರೆ ತಜ್ಞರ ಚಿಕಿತ್ಸೆ ಅಗತ್ಯ. ಪೂಜೆ, ಪ್ರಾರ್ಥನೆಗಳು ಆಸರೆಯಾಗಬಲ್ಲವು. ಚಿಕಿತ್ಸೆಯ ಸ್ಥಾನವನ್ನು ತುಂಬಲಾರವು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ (14416) ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನೊಂದು ಮಾತು ಹೆತ್ತವರೆಲ್ಲರಿಗೂ ಸಲ್ಲುವಂಥದು. ಶಿಸ್ತಿನ ಹೆಸರಿನಲ್ಲಿ ಮಗುವನ್ನು ದಿನವೂ ಹೊಡೆದು ಹೀಯಾಳಿಸಿದರೆ, ನಾವು ಮರೆತ ಮೇಲೂ ಅದರ ದೇಹ ಅದನ್ನು ಮರೆಯದಿರಬಹುದು. ನೊಂದವರಿಗೆ ಆಸರೆಯಾಗುವಷ್ಟೇ ಮುಖ್ಯವಾದ ಕರ್ತವ್ಯವೆಂದರೆ, ನಮ್ಮ ಮನೆಯ ಮಗುವಿಗೆ ಅಂಥ ನೋವನ್ನು ಕೊಡದಿರುವುದು.